ಕರ್ನಲ್ ಯಾವ ಫೈಲನ್ನೂ ಓದುವುದಿಲ್ಲ: ಲಿನಕ್ಸ್ ಸರ್ವರ್‌ನ ನೆಟ್‌ವರ್ಕ್ ಕಾರ್ಡ್ ತೊಂದರೆ ಹುಡುಕುವ ಬಗ್ಗೆ

ಸರ್ವರ್‌ಗೆ ಪಿಂಗ್ (ಯಂತ್ರ ಜಾಲದಲ್ಲಿದೆಯಾ ಅಂತ ಕೇಳುವ ಸಣ್ಣ ಪ್ಯಾಕೆಟ್) ಹೋಗುತ್ತಿಲ್ಲ ಅಂತ ಫೋನ್ ಬಂದರೆ ನಿಮ್ಮಲ್ಲಿ ಹೆಚ್ಚಿನವರು ಮೊದಲು ಏನು ಮಾಡುತ್ತೀರಿ? ಕನ್ಸೋಲ್‌ನಲ್ಲಿ ಲಾಗಿನ್ ಆಗಿ, ನೇರವಾಗಿ ನೆಟ್‌ವರ್ಕ್ ಫೈಲ್ ತೆರೆಯುತ್ತೀರಿ. ಐಪಿ ಸರಿ ಇದೆಯಾ, ನೆಟ್‌ಮಾಸ್ಕ್ ಸರಿ ಇದೆಯಾ, ಗೇಟ್‌ವೇ ಸರಿ ಇದೆಯಾ ಅಂತ ನೋಡುತ್ತೀರಿ. ಎಲ್ಲ ಸರಿಯಾಗಿಯೇ ಇರುತ್ತದೆ. ಆಮೇಲೆ ಏನೋ ಒಂದನ್ನು ಸುಮ್ನೆ ಬದಲಾಯಿಸಿ ರೀಬೂಟ್ ಕೊಡುತ್ತೀರಿ. ನಗಬೇಡಿ, ಕೊಡುತ್ತೀರಿ.

ಆ ಫೈಲನ್ನು ಕೊನೆಗೆ ತೆರೆಯಿರಿ ಅಂತ ಹೇಳುವುದಕ್ಕೇ ನಾನು ಇವತ್ತು ಬಂದಿರುವುದು. ಯಾಕೆಂದರೆ ಲಿನಕ್ಸ್ ಕರ್ನಲ್, ಅಂದರೆ ಹಾರ್ಡ್‌ವೇರ್ ನಡೆಸುವ ಸಿಸ್ಟಮ್‌ನ ತಿರುಳು, ಆ ಫೈಲನ್ನು ಓದುವುದೇ ಇಲ್ಲ. ಉಬುಂಟುವಿನ ಯಾಮಲ್ ಆಗಲಿ, ರೆಡ್‌ಹ್ಯಾಟ್‌ನ ಐಎಫ್‌ಸಿಎಫ್‌ಜಿ ಆಗಲಿ, ಡೆಬಿಯನ್‌ನ ಇಂಟರ್‌ಫೇಸಸ್ ಫೈಲ್ ಆಗಲಿ, ಕರ್ನಲ್‌ಗೆ ಇವುಗಳ ಹೆಸರೂ ಗೊತ್ತಿಲ್ಲ. ವಿಳಾಸ, ರೂಟ್ (ಪ್ಯಾಕೆಟ್ ಹೋಗುವ ದಾರಿ), ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಎಲ್ಲ ಕರ್ನಲ್‌ನ ಮೆಮೊರಿಯಲ್ಲಿರುತ್ತವೆ. ಯಾವುದೋ ಒಂದು ಪ್ರೋಗ್ರಾಂ ಫೈಲ್ ಓದಿ, ನೆಟ್‌ಲಿಂಕ್ ಎನ್ನುವ ದಾರಿಯಲ್ಲಿ ಅವನ್ನು ಕರ್ನಲ್‌ಗೆ ತಲುಪಿಸುತ್ತದೆ. ನೀವು ಕೈಯಾರೆ ಐಪಿ ಆಡ್ರ್ ಆಡ್ ಅಂತ ಕಮಾಂಡ್ ಕೊಟ್ಟಾಗ ನಡೆಯುವುದೂ ಅದೇ. ಅದಕ್ಕೇ ಅದು ಆ ಕ್ಷಣ ಕೆಲಸ ಮಾಡುತ್ತದೆ, ರೀಬೂಟ್ ಆದ ಮೇಲೆ ಇರುವುದಿಲ್ಲ.

ಹಾಗಾಗಿ ಒಂದು ಕಾರ್ಡ್‌ನ ಕಾನ್ಫಿಗರೇಶನ್ ಒಂದೇ ಕಡೆ ಇರುವುದಿಲ್ಲ. ಫೈಲ್‌ನಲ್ಲಿ ಬರೆದದ್ದು ಒಂದು. ಕರ್ನಲ್ ಈಗ ನಂಬಿರುವುದು ಇನ್ನೊಂದು. ಕೇಬಲ್‌ನ ಆ ತುದಿಯಲ್ಲಿರುವ ಸ್ವಿಚ್ ನಂಬಿರುವುದು ಮತ್ತೊಂದು. ಮೂರೂ ಒಪ್ಪಿದರೆ ನಿಮಗೆ ಫೋನ್ ಬರುವುದಿಲ್ಲ. ತೊಂದರೆ ಹುಡುಕುವುದು ಅಂದರೆ ಯಾವುದರ ಜೊತೆ ಯಾವುದು ಒಪ್ಪುತ್ತಿಲ್ಲ ಅಂತ ನೋಡುವುದು. ನಾವು ತಂತಿಯ ಕಡೆಯಿಂದ ಶುರುಮಾಡೋಣ, ಫೈಲ್ ಕಡೆಗೆ ನಿಧಾನಕ್ಕೆ ಬರೋಣ.

ಮೊದಲು ಕಾರ್ಡ್ ಇದೆಯಾ ಅಂತ ನೋಡಬೇಕು. ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ಎನ್‌ಎನ್‌ಕೆ ಸೇರಿಸಿ ಕೊಡಿ. ಕಾರ್ಡ್‌ನ ಹೆಸರಿನ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅನ್ನುವ ಸಾಲು ಇರಬೇಕು. ಕಾರ್ಡ್ ಇದೆ, ಆ ಸಾಲು ಇಲ್ಲ ಅಂದರೆ ಡ್ರೈವರ್ ಹತ್ತಿಲ್ಲ. ಅಂಥ ಹೊತ್ತಿನಲ್ಲಿ ಯಾಮಲ್ ಫೈಲ್‌ನಲ್ಲಿ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಏಕೆಂದರೆ ಇಂಟರ್‌ಫೇಸ್ (ಕರ್ನಲ್‌ಗೆ ಕಾಣುವ ಕಾರ್ಡ್‌ನ ರೂಪ) ಹುಟ್ಟೇ ಇಲ್ಲ. ಡಿಮೆಸೇಜ್, ಅಂದರೆ ಕರ್ನಲ್‌ನ ಸಂದೇಶಗಳ ಲಾಗ್, ನೋಡಿ. ಬ್ರಾಡ್‌ಕಾಮ್‌ನ ಹಳೆಯ ಕಾರ್ಡ್‌ಗಳಲ್ಲಿ ಫರ್ಮ್‌ವೇರ್ (ಕಾರ್ಡ್‌ನೊಳಗೇ ಓಡುವ ಸಾಫ್ಟ್‌ವೇರ್) ಫೈಲ್ ಸಿಗಲಿಲ್ಲ ಅನ್ನುವ ದೂರು ಅಲ್ಲಿ ಇರುತ್ತದೆ. ಡೆಬಿಯನ್ ಹಾಕುವವರಿಗೆ ಇದು ವರ್ಷಗಟ್ಟಲೆ ತಲೆನೋವಾಗಿತ್ತು. ನೆಟ್‌ವರ್ಕ್ ಬರಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರಲು ನೆಟ್‌ವರ್ಕ್ ಬೇಕು! 2023ರಲ್ಲಿ ಬಂದ ಡೆಬಿಯನ್ 12ರಿಂದ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಫರ್ಮ್‌ವೇರ್ ಸೇರಿಸಿದ್ದಾರೆ.

10 ಗಿಗಾಬಿಟ್ ಕಾರ್ಡ್ ಇರುವವರಿಗೆ ಇನ್ನೊಂದು ಮಾತು. ಇಂಟೆಲ್‌ನ ಎಕ್ಸ್520 ಕಾರ್ಡ್‌ಗೆ ಬೇರೆ ಕಂಪನಿಯ ಎಸ್‌ಎಫ್‌ಪಿ ಮಾಡ್ಯೂಲ್ (ಕೇಬಲ್ ಸಿಕ್ಕಿಸಲು ಪೋರ್ಟ್‌ಗೆ ಹಾಕುವ ತುಂಡು) ಹಾಕಿ ಬೂಟ್ ಮಾಡಿದರೆ ಐಎಕ್ಸ್‌ಜಿಬಿಇ ಡ್ರೈವರ್ 'ಇದು ನನಗೆ ಒಪ್ಪಿಗೆಯಾದ ಮಾಡ್ಯೂಲ್ ಅಲ್ಲ' ಅಂತ ಹೇಳಿ ಎದ್ದು ಹೋಗಿಬಿಡುತ್ತದೆ. ಇಂಟರ್‌ಫೇಸ್‌ಗಳ ಪಟ್ಟಿ ತೋರಿಸುವ ಐಪಿ ಲಿಂಕ್ ಕಮಾಂಡ್‌ನಲ್ಲಿ ಆ ಪೋರ್ಟ್ ಕಾಣುವುದೇ ಇಲ್ಲ. ಕಾರ್ಡ್ ಸತ್ತಿದೆ ಅಂದುಕೊಂಡು ವಾಪಸ್ ಕಳಿಸುವವರಿದ್ದಾರೆ. ಮಾಡ್ಯೂಲ್ ಬದಲಿಸಿ, ಇಲ್ಲವೇ ಡ್ರೈವರ್‌ಗೆ ಅಲೋ ಅನ್‌ಸಪೋರ್ಟೆಡ್ ಎಸ್‌ಎಫ್‌ಪಿ ಅನ್ನುವ ಆಯ್ಕೆ ಕೊಡಿ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಮೂರು ಕಡೆ ಅಂದೆ, ನಿಜಕ್ಕೂ ನಾಲ್ಕನೆಯದೂ ಒಂದಿದೆ. ಕಾರ್ಡ್‌ನೊಳಗೆ ಈಈಪ್ರಾಮ್ ಎನ್ನುವ ಸಣ್ಣ ಮೆಮೊರಿ ಇದೆ, ಅದರಲ್ಲೂ ಕಾನ್ಫಿಗರೇಶನ್ ಇದೆ. ಸಾಮಾನ್ಯವಾಗಿ ಅದರ ನೆನಪೂ ನಮಗೆ ಬರುವುದಿಲ್ಲ. 2013ರಲ್ಲಿ ಕ್ರಿಸ್ಟಿಯನ್ ಕೀಲ್‌ಹೋಫ್ನರ್ ಎಂಬ ಎಂಜಿನಿಯರ್ ಒಂದು ವಿಚಿತ್ರ ಸಂಗತಿ ಬರೆದರು. ಇಂಟರ್ನೆಟ್ ಫೋನ್ ಕರೆಗಳಿಗೆ ಬಳಸುತ್ತಿದ್ದ ಅವರ ಯಂತ್ರಗಳಲ್ಲಿ ಇಂಟೆಲ್ 82574ಎಲ್ ಕಾರ್ಡ್ ಆಗಾಗ ಸತ್ತಂತಾಗುತ್ತಿತ್ತು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಂದು ಪ್ಯಾಕೆಟ್. ಅದರ ಒಂದು ನಿರ್ದಿಷ್ಟ ಜಾಗದಲ್ಲಿ ಒಂದು ನಿರ್ದಿಷ್ಟ ಬೈಟ್ ಬಂದರೆ ಸಾಕು, ಕಾರ್ಡ್ ನಿಲ್ಲುತ್ತಿತ್ತು. ಅದನ್ನು 'ಸಾವಿನ ಪ್ಯಾಕೆಟ್' ಅಂತ ಕರೆದರು. ರೀಬೂಟ್ ಮಾಡಿದರೂ ಕಾರ್ಡ್ ಏಳುತ್ತಿರಲಿಲ್ಲ, ಪವರ್ ತೆಗೆದು ಹಾಕಬೇಕಿತ್ತು. ಮದರ್‌ಬೋರ್ಡ್ ತಯಾರಕರೊಬ್ಬರು ಈಈಪ್ರಾಮ್ ಅನ್ನು ತಪ್ಪಾಗಿ ಬರೆದಿದ್ದೇ ಕಾರಣ ಅಂತ ಇಂಟೆಲ್ ಹೇಳಿತು. ಅದಕ್ಕೂ ಮೊದಲು 2008ರಲ್ಲಿ, 2.6.27 ಕರ್ನಲ್‌ನ ಪರೀಕ್ಷಾ ಆವೃತ್ತಿಗಳು ಇಂಟೆಲ್‌ನ ಇ1000ಇ ಕಾರ್ಡ್‌ಗಳ ಇಂಥದೇ ಮೆಮೊರಿಯನ್ನು ಅಳಿಸಿ ಹಾಕುತ್ತಿದ್ದವು. ಎಲ್ಲರೂ ನೆಟ್‌ವರ್ಕ್ ಡ್ರೈವರ್ ಅನ್ನು ಬೈದರು. ಕೊನೆಗೆ ಸಿಕ್ಕಿಬಿದ್ದದ್ದು ಎಫ್‌ಟ್ರೇಸ್ ಎನ್ನುವ, ನೆಟ್‌ವರ್ಕ್‌ಗೆ ಸಂಬಂಧವೇ ಇಲ್ಲದ ಟ್ರೇಸಿಂಗ್ ಸೌಲಭ್ಯ.

ಇದರಿಂದ ನಿಮಗೆ ದಿನನಿತ್ಯ ಉಪಯೋಗವಾಗುವುದು ಇಷ್ಟೇ: ಕಾರ್ಡ್ ವಿಚಿತ್ರವಾಗಿ ಆಡುತ್ತಿದ್ದರೆ ರೀಬೂಟ್ ಸಾಲದು. ಸರ್ವರ್ ಆಫ್ ಆಗಿದ್ದರೂ ಕಾರ್ಡ್‌ಗೆ ಸ್ಟ್ಯಾಂಡ್‌ಬೈ ಕರೆಂಟ್ ಬರುತ್ತಿರುತ್ತದೆ. ಎರಡೂ ಪವರ್ ಕೇಬಲ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಾಕಿ.

ಸರಿ, ತಂತಿಗೆ ಬರೋಣ. ಐಪಿ ಲಿಂಕ್ ಕೊಟ್ಟಾಗ ಬರುವ ಒಂದು ಸಾಲನ್ನು ಇಲ್ಲಿ ಪರದೆಯ ಮೇಲೆ ಹಾಕಿದ್ದೇನೆ. ಇಂಟರ್‌ಫೇಸ್ ಹೆಸರು ಇಎನ್‌ಪಿ3ಎಸ್0. ಪಕ್ಕದಲ್ಲಿ ಕೋನದ ಬ್ರಾಕೆಟ್ ಒಳಗೆ ನೋ-ಕ್ಯಾರಿಯರ್, ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್, ಅಪ್ ಅಂತ ಇದೆ. ಅದೇ ಸಾಲಿನಲ್ಲಿ ಮುಂದೆ ಸ್ಟೇಟ್ ಡೌನ್ ಅಂತ ಇದೆ. ಅಪ್ಪೂ ಇದೆ, ಡೌನೂ ಇದೆ. ಯಾವುದನ್ನು ನಂಬುವುದು?

ಎರಡೂ ನಿಜ. ಬ್ರಾಕೆಟ್ ಒಳಗಿನ ಅಪ್ ಅಂದರೆ ಯಾರೋ ಕರ್ನಲ್‌ಗೆ 'ಈ ಕಾರ್ಡ್ ಚಾಲೂ ಮಾಡು' ಅಂತ ಹೇಳಿದ್ದಾರೆ. ಅದು ನಿಮ್ಮ ಕಡೆಯ ಇಚ್ಛೆ. ನೋ-ಕ್ಯಾರಿಯರ್ ಅಂದರೆ ಆ ತುದಿಯಿಂದ ಸಿಗ್ನಲ್ ಬರುತ್ತಿಲ್ಲ. ಕೇಬಲ್ ಸರಿಯಾಗಿ ಸಿಕ್ಕಿಕೊಂಡಾಗ ನೋ-ಕ್ಯಾರಿಯರ್ ಹೋಗಿ, ಲೋಯರ್-ಅಪ್ ಅನ್ನುವ ಪದ ಬರುತ್ತದೆ. ನೀವು ಕಣ್ಣಿಡಬೇಕಾದದ್ದು ಲೋಯರ್-ಅಪ್ ಮೇಲೆ. ಅದು ಇಲ್ಲದಿದ್ದರೆ ವಿಳಾಸ, ಗೇಟ್‌ವೇ ಯಾವುದರ ಬಗ್ಗೆಯೂ ಯೋಚಿಸಬೇಡಿ. ಕೇಬಲ್, ಪೋರ್ಟ್, ಸ್ವಿಚ್, ಈ ಮೂರರಲ್ಲೇ ಉತ್ತರ ಇದೆ.

ಇದರಲ್ಲಿ ಒಂದು ಬಲೆ ಇದೆ. ಎತ್‌ಟೂಲ್ (ಕಾರ್ಡ್‌ನ ಲಿಂಕ್ ಸ್ಥಿತಿ ತೋರಿಸುವ ಕಮಾಂಡ್) ಕೊಟ್ಟರೆ ಕೊನೆಯಲ್ಲಿ 'ಲಿಂಕ್ ಡಿಟೆಕ್ಟೆಡ್: ನೋ' ಅಂತ ಬರುತ್ತದೆ. ಕೂಡಲೇ ಕೇಬಲ್ ಬದಲಿಸಲು ಓಡಬೇಡಿ. ಇಂಟರ್‌ಫೇಸ್ ಅನ್ನೇ ಅಪ್ ಮಾಡದಿದ್ದರೆ ಎಷ್ಟೋ ಡ್ರೈವರ್‌ಗಳು ಪೋರ್ಟ್‌ಗೆ ಜೀವ ಕೊಡುವುದಿಲ್ಲ. ಕೇಬಲ್ ಚೆನ್ನಾಗಿಯೇ ಇರುತ್ತದೆ, ಲೈಟ್ ಮಾತ್ರ ಹೊತ್ತಿರುವುದಿಲ್ಲ. ಮೊದಲು ಐಪಿ ಲಿಂಕ್ ಸೆಟ್ ಅಪ್ ಕೊಟ್ಟು, ಕೆಲವು ಸೆಕೆಂಡ್ ಬಿಟ್ಟು ಮತ್ತೆ ನೋಡಿ.

ಸರ್ವರ್‌ನ ಹಿಂದೆ ನಾಲ್ಕು ಪೋರ್ಟ್ ಇದೆ, ಯಾವುದು ಯಾವುದು ಅಂತ ಗೊತ್ತಿಲ್ಲ ಅಂದರೆ ಎತ್‌ಟೂಲ್‌ಗೆ ಸಣ್ಣ ಪಿ ಕೊಡಿ. ಆ ಪೋರ್ಟ್‌ನ ಲೈಟ್ ಮಿಣುಕುತ್ತದೆ. ಡೇಟಾ ಸೆಂಟರ್‌ನಲ್ಲಿ ಫೋನ್ ಹಿಡಿದು ನಿಂತಿರುವ ಹುಡುಗನಿಗೆ 'ಎಡದಿಂದ ಎರಡನೆಯದು' ಅಂತ ಹೇಳುವುದಕ್ಕಿಂತ 'ಮಿಣುಕುತ್ತಿರುವುದು' ಅಂದರೆ ಜಗಳ ಕಡಿಮೆ.

ಈಗ ವೇಗ. ಗಿಗಾಬಿಟ್ ಕಾರ್ಡ್, ಗಿಗಾಬಿಟ್ ಸ್ವಿಚ್, ಆದರೆ ಎತ್‌ಟೂಲ್ 100 ಎಂಬಿಪಿಎಸ್ ತೋರಿಸುತ್ತಿದೆ. ಇಲ್ಲಿ ಡ್ರೈವರ್ ಬದಲಿಸುವವರನ್ನು ನೋಡಿದ್ದೇನೆ. ಕಾರಣ ತುಂಬಾ ಸಲ ಎಂಟು ತಂತಿಗಳಲ್ಲಿ ಒಂದು. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು: 1, 2, 3, 6ನೇ ಪಿನ್‌ಗಳು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಕ್ರಿಂಪ್ ಸರಿಯಾಗಿಲ್ಲ ಅಂದುಕೊಳ್ಳಿ. ಎರಡೂ ಕಡೆಯವರು ಮಾತಾಡಿಕೊಳ್ಳುವುದು ಮೊದಲ ಎರಡು ಜೋಡಿಗಳಲ್ಲಿ, ಹಾಗಾಗಿ ಗಿಗಾಬಿಟ್‌ಗೆ ಒಪ್ಪಿಕೊಂಡುಬಿಡುತ್ತಾರೆ. ಆಮೇಲೆ ಪ್ರಯತ್ನಿಸಿದರೆ ಆಗುವುದಿಲ್ಲ. ಒಳ್ಳೆಯ ಕಾರ್ಡ್ ಆದರೆ ತಾನೇ 100ಕ್ಕೆ ಇಳಿಯುತ್ತದೆ. ಹೊಸ ಕರ್ನಲ್‌ಗಳಲ್ಲಿ ಕೆಲವು ಕಾರ್ಡ್‌ಗಳಿಗೆ ಡಿಮೆಸೇಜ್‌ನಲ್ಲಿ 'ವೇಗ ಇಳಿಯಿತು, ಕೇಬಲ್ ನೋಡಿ' ಅಂತಲೂ ಬರುತ್ತದೆ. ಇಳಿಯಲು ಬಾರದ ಕಾರ್ಡ್ ಆದರೆ ಲಿಂಕ್ ಬರುತ್ತದೆ, ಹೋಗುತ್ತದೆ, ಬರುತ್ತದೆ, ಹೋಗುತ್ತದೆ.

ಮಲೆನಾಡಿನ ಕಡೆಯವರಿಗೆ ಇನ್ನೊಂದು ಅನುಭವ ಇರುತ್ತದೆ. ಮೇ ತಿಂಗಳಲ್ಲಿ ಗುಡುಗು ಸಿಡಿಲು ಬಂದ ಮರುದಿನ ಸ್ವಿಚ್‌ನ ಎರಡು ಪೋರ್ಟ್ ಸತ್ತಿರುತ್ತವೆ. ಪೂರ್ತಿ ಸತ್ತರೆ ಒಳ್ಳೆಯದು. ಅರೆಜೀವ ಆದರೆ ಕಷ್ಟ: ಲೈಟ್ ಹೊತ್ತುತ್ತದೆ, ಲೋಯರ್-ಅಪ್ ಬರುತ್ತದೆ, ಪ್ಯಾಕೆಟ್ ಮಾತ್ರ ಹಾಳಾಗಿ ಬರುತ್ತವೆ. ಎತ್‌ಟೂಲ್‌ಗೆ ದೊಡ್ಡ ಎಸ್ ಕೊಟ್ಟು ಸಿಆರ್‌ಸಿ ಎರರ್ (ಹಾಳಾಗಿ ಬಂದ ಪ್ಯಾಕೆಟ್) ಲೆಕ್ಕ ನೋಡಿ. ಸಂಖ್ಯೆ ಎಷ್ಟಿದೆ ಅನ್ನುವುದು ಮುಖ್ಯ ಅಲ್ಲ, ಅದು ಹಳೆಯ ಲೆಕ್ಕವೂ ಇರಬಹುದು. ಒಂದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಏರಿದೆಯಾ? ಏರುತ್ತಿದ್ದರೆ ತಂತಿ ಅಥವಾ ಪೋರ್ಟ್, ಅನುಮಾನವೇ ಬೇಡ.

ಡ್ಯೂಪ್ಲೆಕ್ಸ್ ವಿಷಯ ಹಳೆಯದು, ಆದರೂ ಹೇಳಲೇಬೇಕು. ಫುಲ್ ಅಂದರೆ ಎರಡೂ ಕಡೆಯವರು ಒಟ್ಟಿಗೆ ಮಾತಾಡಬಹುದು, ಹಾಫ್ ಅಂದರೆ ಒಂದು ಸಲಕ್ಕೆ ಒಬ್ಬರೇ. ಸರ್ಕಾರಿ ಕಚೇರಿ, ಕಾಲೇಜು, ಕಾರ್ಖಾನೆಗಳಲ್ಲಿ ಹಳೆಯ ಸ್ವಿಚ್‌ಗಳು ಇನ್ನೂ ಓಡುತ್ತಿವೆ. ಯಾರೋ ಒಬ್ಬರು ಸ್ವಿಚ್ ಪೋರ್ಟ್ ಅನ್ನು 100 ಫುಲ್ ಡ್ಯೂಪ್ಲೆಕ್ಸ್ ಅಂತ ಗಟ್ಟಿ ಮಾಡಿಟ್ಟಿರುತ್ತಾರೆ. ಸರ್ವರ್ ಕಡೆ ಆಟೋ ಇದೆ, ಅಂದರೆ ಮಾತಾಡಿಕೊಂಡು ತೀರ್ಮಾನಿಸುವುದು. ಸ್ವಿಚ್ ಮಾತುಕತೆಗೇ ಬರುವುದಿಲ್ಲ. ಕಾರ್ಡ್ ಸಿಗ್ನಲ್ ನೋಡಿ ವೇಗ 100 ಅಂತ ತಿಳಿದುಕೊಳ್ಳುತ್ತದೆ. ಆದರೆ ಡ್ಯೂಪ್ಲೆಕ್ಸ್ ಯಾವುದು ಅಂತ ಸಿಗ್ನಲ್ ನೋಡಿ ತಿಳಿಯಲು ಆಗುವುದಿಲ್ಲ. ಗೊತ್ತಾಗದಿದ್ದರೆ ಹಾಫ್ ಇಟ್ಟುಕೋ ಅನ್ನುವುದು ಈಥರ್ನೆಟ್ ಮಾನದಂಡ ಬರೆಯುವ ಐಇಇಇಯ ನಿಯಮ. ಈಗ ಒಬ್ಬರು ಫುಲ್, ಒಬ್ಬರು ಹಾಫ್. ಫೋನಿನಲ್ಲಿ ಒಬ್ಬರು ನಿಲ್ಲಿಸದೆ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಆ ಕಡೆಯ ದನಿ ಕೇಳಿದಾಗೆಲ್ಲ ತಮ್ಮ ಮಾತು ತುಂಡರಿಸಿ ಮೊದಲಿನಿಂದ ಶುರುಮಾಡುತ್ತಿದ್ದಾರೆ, ಹಾಗೆ.

ಇದರ ಮೋಸ ಏನು ಅಂದರೆ ಪಿಂಗ್ ಚೆನ್ನಾಗಿ ಹೋಗುತ್ತದೆ. ಒಂದೊಂದೇ ಪ್ಯಾಕೆಟ್ ಹೋಗಿ ಬರುವಾಗ ಡಿಕ್ಕಿ ಆಗುವುದಿಲ್ಲ ಅಲ್ವಾ? ದೊಡ್ಡ ಫೈಲ್ ಕಾಪಿ ಮಾಡಲು ಹೋದಾಗ ವೇಗ ಪಾತಾಳಕ್ಕೆ ಇಳಿಯುತ್ತದೆ. 'ನೆಟ್‌ವರ್ಕ್ ಸರಿ ಇದೆ ಸಾರ್, ಪಿಂಗ್ ಬರ್ತಿದೆ, ನಿಮ್ಮ ಸಾಫ್ಟ್‌ವೇರೇ ಸ್ಲೋ' ಅಂತ ವಾದ ಶುರುವಾಗುತ್ತದೆ. ಎತ್‌ಟೂಲ್‌ನಲ್ಲಿ 'ಡ್ಯೂಪ್ಲೆಕ್ಸ್: ಹಾಫ್' ಅಂತ ಕಂಡರೆ ವಾದ ಮುಗಿಯಿತು. ಎರಡೂ ಕಡೆ ಆಟೋ ಮಾಡಿ. ಗಿಗಾಬಿಟ್ ತಾಮ್ರದ ಕೇಬಲ್‌ನಲ್ಲಂತೂ ಆಟೋ ಕಡ್ಡಾಯ.

ತಂತಿ ಸರಿ ಇದೆ ಅನ್ನೋಣ. ಮುಂದಿನದು ಹೆಸರು.

2013ರ ಜನವರಿಯಲ್ಲಿ ಸಿಸ್ಟಮ್‌ಡಿ (ಬೂಟ್ ಮತ್ತು ಸರ್ವೀಸ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) 197 ಬಂತು. ಈಥ್0, ಈಥ್1 ಹೋಗಿ ಇಎನ್‌ಪಿ3ಎಸ್0 ತರಹದ ಹೆಸರು ಬಂದವು. ಹಿರಿಯರು ಇನ್ನೂ ಬೈಯುತ್ತಾರೆ. ಹಳೆಯ ವ್ಯವಸ್ಥೆಯಲ್ಲಿ ಏನಾಗುತ್ತಿತ್ತು ಅನ್ನುವುದನ್ನು ಅವರು ಮರೆತಿದ್ದಾರೆ. ಕರ್ನಲ್‌ಗೆ ಯಾವ ಕಾರ್ಡ್ ಮೊದಲು ಸಿಕ್ಕಿತೋ ಅದು ಈಥ್0. ಎರಡು ಕಾರ್ಡ್ ಇದ್ದರೆ ಒಂದು ಬೂಟ್‌ಗೂ ಇನ್ನೊಂದು ಬೂಟ್‌ಗೂ ಅದಲುಬದಲು ಆಗಬಹುದಿತ್ತು. ಅದಕ್ಕೆ ಮದ್ದು ಅಂತ ಮ್ಯಾಕ್ ವಿಳಾಸವನ್ನೂ (ಕಾರ್ಡ್‌ನ ಹಾರ್ಡ್‌ವೇರ್ ವಿಳಾಸ) ಹೆಸರನ್ನೂ ಗಂಟುಹಾಕುವ ಯುಡೆವ್ ರೂಲ್ ಫೈಲ್ ತಂದರು. ಸೆಂಟ್‌ಒಎಸ್ 6ರ ವರ್ಚುವಲ್ ಮೆಷಿನ್ ಕ್ಲೋನ್ ಮಾಡಿದವರಿಗೆ ಅದರ ಫಲ ಗೊತ್ತು. ಕ್ಲೋನ್‌ಗೆ ಹೊಸ ಮ್ಯಾಕ್ ಬರುತ್ತದೆ, ಈಥ್0 ಅನ್ನುವ ಹೆಸರು ಹಳೆಯ ಮ್ಯಾಕ್‌ಗೆ ಮೀಸಲಾಗಿದೆ, ಹಾಗಾಗಿ ಹೊಸದು ಈಥ್1. ಕಾನ್ಫಿಗರೇಶನ್ ಇರುವುದು ಈಥ್0ಗೆ. 'ಈಥ್0 ಇದ್ದಂತಿಲ್ಲ' ಅಂತ ಬೂಟ್‌ನಲ್ಲಿ ಒಂದು ಸಾಲು ಬಂದು, ನೆಟ್‌ವರ್ಕ್ ಬರುತ್ತಿರಲಿಲ್ಲ.

ಹೊಸ ಹೆಸರಿನಲ್ಲಿ ಪಿ3 ಅಂದರೆ ಪಿಸಿಐ ಬಸ್ 3, ಎಸ್0 ಅಂದರೆ ಸ್ಲಾಟ್ 0. ಎಲ್‌ಎಸ್‌ಪಿಸಿಐ ಬಸ್ ಸಂಖ್ಯೆಯನ್ನು ಹೆಕ್ಸ್‌ನಲ್ಲಿ ತೋರಿಸುತ್ತದೆ, ಹೆಸರಿನಲ್ಲಿ ಇರುವುದು ದಶಮಾಂಶ. ಅಲ್ಲಿ 0ಎ ಇದ್ದರೆ ಇಲ್ಲಿ ಇಎನ್‌ಪಿ10ಎಸ್0. ಕಾರ್ಡ್ ಎಲ್ಲಿ ಕೂತಿದೆ ಅನ್ನುವುದೇ ಹೆಸರು. ಆದರೆ ಆ ಜಾಗದ ನಂಬರ್ ಕೂಡ ಶಾಶ್ವತ ಅಲ್ಲ. ಸರ್ವರ್‌ಗೆ ಒಂದು ಹೊಸ ಎನ್‌ವಿಎಂಇ ಡಿಸ್ಕ್ ಅಥವಾ ಗ್ರಾಫಿಕ್ಸ್ ಕಾರ್ಡ್ ಹಾಕಿದಿರಿ ಅನ್ನಿ. ಬಸ್‌ಗಳ ಎಣಿಕೆ ಒಂದು ಹೆಚ್ಚಾಗಿ ಇಎನ್‌ಪಿ5ಎಸ್0 ಇದ್ದದ್ದು ಇಎನ್‌ಪಿ6ಎಸ್0 ಆಗಬಹುದು. ನೆಟ್‌ವರ್ಕ್ ಕಾರ್ಡ್ ಮುಟ್ಟಿಯೇ ಇಲ್ಲ, ಆದರೂ ಸರ್ವರ್ ಕಾಣೆ! ಡಿಸ್ಕ್ ಹಾಕಿದ್ದಕ್ಕೂ ನೆಟ್‌ವರ್ಕ್ ಹೋಗಿದ್ದಕ್ಕೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯುತ್ತದೆ? ಕೆಲವು ಡ್ರೈವರ್‌ಗಳು ಪೋರ್ಟ್‌ನ ಹೆಸರನ್ನೂ ಹೇಳಲು ಶುರುಮಾಡಿದ ಮೇಲೆ, ಕರ್ನಲ್ ಅಪ್‌ಡೇಟ್ ಆದಾಗ ಹೆಸರಿನ ಕೊನೆಗೆ ಎನ್‌ಪಿ0 ಅಂತ ಬಾಲ ಸೇರಿಕೊಂಡದ್ದೂ ಇದೆ.

ಬಾಲದಿಂದ ಇನ್ನೊಂದು ಫಜೀತಿ. ಲಿನಕ್ಸ್‌ನಲ್ಲಿ ಇಂಟರ್‌ಫೇಸ್ ಹೆಸರು 15 ಅಕ್ಷರ ಮೀರುವಂತಿಲ್ಲ. ಇಎನ್‌ಪಿ129ಎಸ್0ಎಫ್0ಎನ್‌ಪಿ0 ಅನ್ನುವ ಹೆಸರಿಗೆ ಇಂಗ್ಲಿಷ್‌ನಲ್ಲಿ ಬರೆದಾಗಲೇ 13 ಅಕ್ಷರ. ಅದಕ್ಕೆ ಚುಕ್ಕೆ 100 ಸೇರಿಸಿ ವಿಲ್ಯಾನ್ (ಅದೇ ತಂತಿಯಲ್ಲಿ ಬೇರೆ ಜಾಲ) ಮಾಡಲು ಹೋದರೆ 17 ಆಗುತ್ತದೆ, ಕರ್ನಲ್ ಒಪ್ಪುವುದಿಲ್ಲ.

ನನ್ನ ಸಲಹೆ: ಮುಖ್ಯವಾದ ಸರ್ವರ್‌ಗಳಲ್ಲಿ ಹೆಸರನ್ನು ನೀವೇ ಇಡಿ. ಸಿಸ್ಟಮ್‌ಡಿಯ ಡಾಟ್ ಲಿಂಕ್ ಫೈಲ್‌ನಲ್ಲಿ ಮ್ಯಾಕ್ ವಿಳಾಸ ಕೊಟ್ಟು, ಲ್ಯಾನ್0, ಬ್ಯಾಕಪ್0 ಅಂತ ಅರ್ಥವಾಗುವ ಹೆಸರು ಬರೆಯಿರಿ. ಈಥ್0 ಅಂತ ಮಾತ್ರ ಇಡಬೇಡಿ. ಕರ್ನಲ್ ತಾನೂ ಅದೇ ಹೆಸರು ಕೊಡುವುದರಿಂದ ಇಬ್ಬರಿಗೂ ಜಗಳ ಹತ್ತಬಹುದು. ಬರೆದ ಮೇಲೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭಕ್ಕೆ ಬೇಕಾದ ಫೈಲ್‌ಗಳ ಕಟ್ಟು) ಹೊಸದಾಗಿ ಕಟ್ಟಿ, ಬೂಟ್‌ನ ಆರಂಭದಲ್ಲಿ ಹೆಸರಿಡುವುದು ಅಲ್ಲಿಂದಲೇ ಇರಬಹುದು.

ಕೊನೆಗೂ ಫೈಲ್‌ಗೆ ಬಂದೆವು. ಆದರೆ ಫೈಲ್ ತೆರೆಯುವ ಮೊದಲು ಅದನ್ನು ಯಾರು ಓದುತ್ತಿದ್ದಾರೆ ಅಂತ ಕೇಳಿ. ನೆಟ್‌ವರ್ಕ್‌ಮ್ಯಾನೇಜರ್ ಇದೆಯಾ, ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಇದೆಯಾ, ಹಳೆಯ ಐಎಫ್‌ಅಪ್‌ಡೌನ್ ಇದೆಯಾ? ಯಾವ ಸರ್ವೀಸ್ ಓಡುತ್ತಿದೆ ಅಂತ ಸಿಸ್ಟಮ್‌ಸಿಟಿಎಲ್ ಕಮಾಂಡ್‌ನಲ್ಲಿ ನೋಡಿ. ಎರಡು ಒಟ್ಟಿಗೆ ಓಡುತ್ತಿದ್ದು ಒಂದೇ ಕಾರ್ಡ್ ಹಿಡಿದುಕೊಂಡಿದ್ದರೆ ಅದೇ ನಿಮ್ಮ ತೊಂದರೆ. ಎನ್‌ಎಂಸಿಎಲ್‌ಐ ಡಿವೈಸ್ ಕೊಟ್ಟಾಗ 'ಅನ್‌ಮ್ಯಾನೇಜ್ಡ್' ಅಂತ ಬಂದರೆ, ನೆಟ್‌ವರ್ಕ್‌ಮ್ಯಾನೇಜರ್‌ಗೆ ಆ ಕಾರ್ಡ್ ತನ್ನದಲ್ಲ. ಅದರ ಫೈಲ್‌ನಲ್ಲಿ ಏನು ಬರೆದರೂ ಗಾಳಿಗೆ ಹೋಯಿತು.

ರೆಡ್‌ಹ್ಯಾಟ್ ಕಡೆಯವರು ಗಮನಿಸಿ. ನೆಟ್‌ವರ್ಕ್-ಸ್ಕ್ರಿಪ್ಟ್ಸ್ ಎನ್ನುವ ಹಳೆಯ ವ್ಯವಸ್ಥೆ 9ನೇ ಆವೃತ್ತಿಯಲ್ಲಿ ಹೋಯಿತು. ಐಎಫ್‌ಸಿಎಫ್‌ಜಿ ಫೈಲನ್ನು ಆಗಲೂ ನೆಟ್‌ವರ್ಕ್‌ಮ್ಯಾನೇಜರ್ ಓದುತ್ತಿತ್ತು, ಆದರೆ ಹೊಸದಾಗಿ ಬರೆಯುವುದು ಕೀಫೈಲ್ ಅನ್ನುವ ತನ್ನದೇ ಬಗೆಯ ಫೈಲ್‌ನಲ್ಲಿ. 10ನೇ ಆವೃತ್ತಿಯಲ್ಲಿ ಐಎಫ್‌ಸಿಎಫ್‌ಜಿ ಓದುವುದೂ ನಿಂತಿದೆ. ಇಪ್ಪತ್ತು ವರ್ಷದ ಅಭ್ಯಾಸದ ಮೇಲೆ ಆ ಡೈರೆಕ್ಟರಿಯಲ್ಲಿ ಫೈಲ್ ಬರೆದು 'ಯಾಕೆ ಬರ್ತಿಲ್ಲ' ಅಂತ ಕೂತರೆ ಏನೂ ಆಗುವುದಿಲ್ಲ. ಕೀಫೈಲ್‌ಗೂ ಒಂದು ಶರತ್ತು ಇದೆ: ರೂಟ್ ಬಳಕೆದಾರನ (ಅಡ್ಮಿನ್) ಒಡೆತನ, ಒಡೆಯ ಮಾತ್ರ ಓದಿ ಬರೆಯುವ 600 ಪರ್ಮಿಷನ್. 644 ಇಟ್ಟರೆ ನೆಟ್‌ವರ್ಕ್‌ಮ್ಯಾನೇಜರ್ ಲಾಗ್‌ನಲ್ಲಿ ಒಂದು ಮಾತು ಗೊಣಗಿ ಆ ಫೈಲನ್ನು ಪಕ್ಕಕ್ಕಿಡುತ್ತದೆ. ಕೈಯಿಂದ ತಿದ್ದಿದ ಮೇಲೆ ಕನೆಕ್ಷನ್ ರೀಲೋಡ್ ಕೊಟ್ಟರೂ ಸಾಲದು. ರೀಲೋಡ್ ಅಂದರೆ ಫೈಲ್ ಓದಿಕೊಂಡಿತು ಅಷ್ಟೇ. ಕರ್ನಲ್‌ಗೆ ತಲುಪಬೇಕಾದರೆ ಕನೆಕ್ಷನ್ ಅಪ್ ಕೊಡಬೇಕು. ಫೈಲ್ ಬೇರೆ, ಕರ್ನಲ್ ಬೇರೆ ಅಂತ ನಾನು ಬಡಿದುಕೊಳ್ಳುತ್ತಿರುವುದು ಇದಕ್ಕೇ.

ಉಬುಂಟು ಸರ್ವರ್‌ನಲ್ಲಿ ಇನ್ನೂ ಒಂದು ಪದರ ಜಾಸ್ತಿ. ಯಾಮಲ್ ಅನ್ನು ನೆಟ್‌ಪ್ಲಾನ್ ಓದುತ್ತದೆ, ಅದು ರನ್ ಡೈರೆಕ್ಟರಿಯಲ್ಲಿ ನೆಟ್‌ವರ್ಕ್‌ಡಿಗೆ ಬೇಕಾದ ಫೈಲ್ ಬರೆಯುತ್ತದೆ, ನೆಟ್‌ವರ್ಕ್‌ಡಿ ಅದನ್ನು ಓದಿ ಕರ್ನಲ್‌ಗೆ ಹೇಳುತ್ತದೆ. ಇಷ್ಟಕ್ಕೂ ಮೊದಲು ಕ್ಲೌಡ್-ಇನಿಟ್ (ಮೊದಲ ಬೂಟ್‌ನಲ್ಲಿ ಸರ್ವರ್ ಸಜ್ಜುಮಾಡುವ ಪ್ರೋಗ್ರಾಂ) ಬಂದು 50-ಕ್ಲೌಡ್-ಇನಿಟ್ ಅನ್ನುವ ಯಾಮಲ್ ಬರೆದಿಟ್ಟಿರುತ್ತದೆ. ನೀವು ಅದನ್ನು ಮುಟ್ಟಬಾರದು ಅಂತ 60 ಅಂತ ಇನ್ನೊಂದು ಫೈಲ್ ಮಾಡಿ ಹೊಸ ವಿಳಾಸ ಬರೆಯುತ್ತೀರಿ. ಹೆಸರಿನ ಕ್ರಮದಲ್ಲಿ ಆಮೇಲೆ ಬರುವ ಫೈಲ್ ಗೆಲ್ಲುತ್ತದೆ ಅಂತ ಓದಿದ್ದೀರಿ. ಒಂಟಿ ಬೆಲೆಗಳಿಗೆ ಅದು ನಿಜ. ಆದರೆ ವಿಳಾಸಗಳು ಪಟ್ಟಿ. ಪಟ್ಟಿಗಳನ್ನು ನೆಟ್‌ಪ್ಲಾನ್ ಅಳಿಸುವುದಿಲ್ಲ, ಕೂಡಿಸುತ್ತದೆ. ಹಳೆಯದೂ ಇರುತ್ತದೆ, ಹೊಸದೂ ಇರುತ್ತದೆ. ಆ ಹಳೆಯ ವಿಳಾಸವನ್ನು ಬೇರೆ ಯಂತ್ರಕ್ಕೆ ಕೊಟ್ಟಿದ್ದೀರಿ ಅನ್ನಿ, ಈಗ ಎರಡು ಯಂತ್ರಕ್ಕೆ ಒಂದೇ ಐಪಿ. ಹಳೆಯ ಐಎಫ್‌ಕಾನ್ಫಿಗ್ ಕಮಾಂಡ್ ಬಳಸುವವರಿಗೆ ಆ ಎರಡನೆಯ ವಿಳಾಸ ಕಾಣದೇ ಹೋಗಬಹುದು. ಐಪಿ ಆಡ್ರ್ ಎರಡನ್ನೂ ತೋರಿಸುತ್ತದೆ. ಕ್ಲೌಡ್-ಇನಿಟ್‌ನ ನೆಟ್‌ವರ್ಕ್ ಭಾಗವನ್ನೇ ನಿಲ್ಲಿಸಿ, ಒಂದೇ ಯಾಮಲ್ ಇಟ್ಟುಕೊಳ್ಳುವುದು ಮೇಲು.

ಈಗ ನನಗೆ ಇಷ್ಟವಾದ ವಿಷಯ. ಒಂದೇ ಸರ್ವರ್, ಎರಡು ಕಾರ್ಡ್, ಎರಡೂ ಒಂದೇ ಸಬ್‌ನೆಟ್‌ನಲ್ಲಿ. ಒಂದಕ್ಕೆ 192.168.10.11, ಇನ್ನೊಂದಕ್ಕೆ 192.168.10.12. 'ಎರಡಿದ್ದರೆ ವೇಗ ಹೆಚ್ಚುತ್ತದೆ' ಅಂತ ಮಾಡುತ್ತಾರೆ. ಎರಡನೆಯ ಕಾರ್ಡ್‌ನ ಕೇಬಲ್ ಕಿತ್ತುಹಾಕಿ, ಆಮೇಲೆ 12ಕ್ಕೆ ಪಿಂಗ್ ಮಾಡಿ. ಸ್ವಲ್ಪ ಹೊತ್ತಿನಲ್ಲಿ ಉತ್ತರ ಬರುತ್ತದೆ! ಮೊದಲ ಸಲ ನೋಡಿದವರು ದೆವ್ವ ಅಂದುಕೊಳ್ಳಬೇಕು.

ಲಿನಕ್ಸ್‌ಗೆ ಐಪಿ ವಿಳಾಸ ಕಾರ್ಡ್‌ನ ಸೊತ್ತಲ್ಲ, ಇಡೀ ಯಂತ್ರದ ಸೊತ್ತು. 12 ಯಾರದು ಅಂತ ಆರ್ಪ್ (ಐಪಿಗೆ ಯಾವ ಮ್ಯಾಕ್ ಅಂತ ಕೇಳುವ) ಪ್ರಶ್ನೆ ಮೊದಲ ಕಾರ್ಡ್‌ಗೆ ಬಂದರೂ 'ನನ್ನದೇ' ಅಂತ ಉತ್ತರ ಕೊಡುತ್ತದೆ. ಕೇಬಲ್ ಎರಡೂ ಇದ್ದಾಗ ಇಬ್ಬರೂ ಉತ್ತರ ಕೊಡುತ್ತಾರೆ, ಮೊದಲು ಮುಟ್ಟಿದ ಉತ್ತರ ಗೆಲ್ಲುತ್ತದೆ. ಹೊರಗೆ ಹೋಗುವ ಟ್ರಾಫಿಕ್ ಮಾತ್ರ ರೂಟಿಂಗ್ ಟೇಬಲ್‌ನ ಮೊದಲ ಸಾಲು ಹಿಡಿದು ಒಂದೇ ಕಾರ್ಡ್‌ನಲ್ಲಿ ಹೋಗುತ್ತಿರುತ್ತದೆ. ವೇಗ ಎಲ್ಲಿ ಹೆಚ್ಚಿತು? ಆರ್ಪ್-ಇಗ್ನೋರ್ 1, ಆರ್ಪ್-ಅನೌನ್ಸ್ 2 ಅಂತ ಎರಡು ಸಿಸ್ಟಿಎಲ್ (ಕರ್ನಲ್ ಸೆಟ್ಟಿಂಗ್) ಇವೆ, ಅವು ಆರ್ಪ್ ಗೊಂದಲ ನಿಲ್ಲಿಸುತ್ತವೆ. ಆದರೆ ನನ್ನ ಅಭಿಪ್ರಾಯದಲ್ಲಿ ಈ ವಿನ್ಯಾಸವೇ ತಪ್ಪು. ಎರಡು ಕಾರ್ಡ್ ಒಂದೇ ಜಾಲಕ್ಕೆ ಬೇಕು ಅಂದರೆ ಬಾಂಡ್ ಮಾಡಿ, ಎರಡನ್ನೂ ಸೇರಿಸಿ ಒಂದೇ ಇಂಟರ್‌ಫೇಸ್ ಮಾಡಿ ಅಂತ. ಬಾಂಡ್ ಮಾಡಿದ ಮೇಲೆ ಪ್ರೊಕ್ ಡೈರೆಕ್ಟರಿಯಲ್ಲಿ ಬಾಂಡ್0 ಫೈಲ್ ಓದಿ. ಎಲ್‌ಎಸಿಪಿ (ಬಾಂಡ್ ಬಗ್ಗೆ ಸ್ವಿಚ್ ಜೊತೆ ಮಾತಾಡುವ ಪ್ರೋಟೋಕಾಲ್) ಬಳಸಿದ್ದು, ಪಾರ್ಟ್‌ನರ್ ಮ್ಯಾಕ್ ಎಲ್ಲ ಸೊನ್ನೆ ಇದ್ದರೆ ಸ್ವಿಚ್ ಕಡೆಯವರು ಎಲ್‌ಎಸಿಪಿ ಹಾಕಿಯೇ ಇಲ್ಲ. ಅವರು 'ಹಾಕಿದ್ದೇವೆ' ಅಂತಲೇ ಹೇಳುತ್ತಾರೆ, ಆ ಸೊನ್ನೆಗಳ ಸ್ಕ್ರೀನ್‌ಶಾಟ್ ಕಳಿಸಿ.

ಎರಡು ಬೇರೆ ಬೇರೆ ಜಾಲದಲ್ಲಿ ಎರಡು ಕಾರ್ಡ್ ಇದ್ದಾಗಿನ ಕಥೆ ಬೇರೆ. ವಿನಂತಿ ಎರಡನೆಯ ಕಾರ್ಡ್‌ಗೆ ಬರುತ್ತದೆ, ಉತ್ತರ ಡೀಫಾಲ್ಟ್ ಗೇಟ್‌ವೇ ಇರುವ ಮೊದಲ ಕಾರ್ಡ್‌ನಿಂದ ಹೋಗುತ್ತದೆ. ನಡುವಿನ ಫೈರ್‌ವಾಲ್ ಅದನ್ನು ಎಸೆಯುತ್ತದೆ. ಇಲ್ಲವೇ ನಿಮ್ಮದೇ ಕರ್ನಲ್‌ನ ಆರ್‌ಪಿ-ಫಿಲ್ಟರ್ ಅನ್ನುವ ಸೆಟ್ಟಿಂಗ್ 1 ಇದ್ದರೆ, ಉತ್ತರ ಈ ದಾರಿಯಲ್ಲಿ ಹೋಗುವುದಿಲ್ಲವಲ್ಲ ಅಂತ ವಿನಂತಿಯನ್ನೇ ಸದ್ದಿಲ್ಲದೆ ಬಿಸಾಕುತ್ತದೆ. ಕಾರ್ಡ್‌ಗೆ ಬಂದದ್ದನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ಪ್ಯಾಕೆಟ್ ಬರುವುದು ಕಾಣುತ್ತದೆ, ಅಪ್ಲಿಕೇಶನ್‌ಗೆ ಮುಟ್ಟುವುದಿಲ್ಲ. ಒಂದು ಕಾರ್ಡ್‌ಗೆ ಮಾತ್ರ 0 ಇಟ್ಟರೆ ಪ್ರಯೋಜನವಿಲ್ಲ, 'ಆಲ್' ಅನ್ನುವುದರಲ್ಲಿ 1 ಇದ್ದರೆ ಎರಡರಲ್ಲಿ ದೊಡ್ಡದೇ ನಡೆಯುತ್ತದೆ. ಸರಿಯಾದ ದಾರಿ ಐಪಿ ರೂಲ್: ಈ ವಿಳಾಸದಿಂದ ಹೊರಡುವುದು ಈ ಟೇಬಲ್ ನೋಡಲಿ ಅಂತ. ಏನೇ ಮಾಡುವ ಮೊದಲು ಐಪಿ ರೂಟ್ ಗೆಟ್ ಅಂತ ಕೊಟ್ಟು ಕರ್ನಲ್ ಅನ್ನೇ ಕೇಳಿ: ಈ ವಿಳಾಸಕ್ಕೆ ಯಾವ ಕಾರ್ಡ್‌ನಿಂದ ಹೋಗುತ್ತೀಯ? ಕ್ಯಾಂಪಸ್ ಜಾಲ 172.17ರಿಂದ ಶುರುವಾಗುವ ಕಡೆ ಡಾಕರ್ (ಕಂಟೈನರ್ ಓಡಿಸುವ ಸಾಫ್ಟ್‌ವೇರ್) ಹಾಕಿದರೆ ಈ ಪ್ರಶ್ನೆಗೆ 'ಡಾಕರ್0' ಅಂತ ಉತ್ತರ ಬರುತ್ತದೆ. ಡಾಕರ್ ತಾನಾಗಿ ಹಿಡಿಯುವ ಜಾಲವೂ 172.17 ಕ್ಕೇ ಬರುತ್ತದೆ.

ಎಂಟಿಯು ಬಗ್ಗೆ ಚುಟುಕಾಗಿ ಹೇಳುತ್ತೇನೆ. ಲಕ್ಷಣ ಏನು? ಪಿಂಗ್ ಬರುತ್ತದೆ, ಪೋರ್ಟ್ ತೆರೆದಿದೆ, ಆದರೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಕೀ ವಿನಿಮಯದ ಹಂತದಲ್ಲಿ ನಿಂತುಬಿಡುತ್ತದೆ. ಸಣ್ಣ ಪ್ಯಾಕೆಟ್ ಹೋಗುತ್ತಿದೆ, ದೊಡ್ಡದು ಹೋಗುತ್ತಿಲ್ಲ. ಸರ್ವರ್‌ಗಳಲ್ಲಿ 9000 ಹಾಕಿದ್ದೀರಿ, ನಡುವಿನ ಸ್ವಿಚ್ 1500ರಲ್ಲೇ ಇದೆ. ಸ್ವಿಚ್ ದೊಡ್ಡದನ್ನು ಎಸೆಯುತ್ತದೆ, ಎಸೆದೆ ಅಂತ ಹೇಳುವುದಿಲ್ಲ. ಪಿಂಗ್‌ಗೆ 'ತುಂಡು ಮಾಡಬೇಡ' ಅನ್ನುವ ಆಯ್ಕೆ ಕೊಟ್ಟು 8972 ಬೈಟ್ ಕಳಿಸಿ. 28 ಬೈಟ್ ಹೆಡರ್ ಸೇರಿ 9000 ಆಗುತ್ತದೆ. ಅದು ಸತ್ತು 1472 ಹೋದರೆ ತೊಂದರೆ ಸಿಕ್ಕಿತು.

ದೂರದ ಸರ್ವರ್‌ನಲ್ಲಿ ಇದೆಲ್ಲ ಮಾಡುವಾಗ ನಾವು ಕೂತ ಕೊಂಬೆಯನ್ನೇ ಕಡಿಯುತ್ತಿರುತ್ತೇವೆ. ಐಡ್ರಾಕ್, ಐಎಲ್‌ಒ ತರಹದ (ಲಿನಕ್ಸ್‌ನ ನೆಟ್‌ವರ್ಕ್ ಹೋದರೂ ದೂರದಿಂದ ತೆರೆಯುವ) ಕನ್ಸೋಲ್ ಇದ್ದರೆ ಅದು ತೆರೆಯುತ್ತದೆಯಾ ಅಂತ ಮೊದಲೇ ನೋಡಿಕೊಳ್ಳಿ, ಬೇಕಾದಾಗ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ನೆಟ್‌ಪ್ಲಾನ್ ಆದರೆ ಅಪ್ಲೈ ಬದಲು ಟ್ರೈ ಕೊಡಿ. 120 ಸೆಕೆಂಡ್‌ನಲ್ಲಿ ನೀವು ಎಂಟರ್ ಒತ್ತದಿದ್ದರೆ ಹಳೆಯದಕ್ಕೆ ಮರಳುತ್ತದೆ. ಬಾಂಡ್, ಬ್ರಿಡ್ಜ್‌ಗಳ ಕೆಲವು ಆಯ್ಕೆಗಳನ್ನು ಮಾತ್ರ ಅದು ಮರಳಿಸಲಾರದು. ಬೇರೆ ಕಡೆ ಹಳೆಯ ಉಪಾಯವೇ ಆಗಬೇಕು: ಐದು ನಿಮಿಷಕ್ಕೆ ಹಳೆಯ ಫೈಲ್ ವಾಪಸ್ ಹಾಕುವ ಕೆಲಸವನ್ನು ಆಟ್ ಕಮಾಂಡ್‌ಗೆ ಒಪ್ಪಿಸಿ, ಆಮೇಲೆ ಕೈ ಹಾಕಿ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ. ಉಬುಂಟು ಸರ್ವರ್ ಬೂಟ್ ಆಗುವಾಗ ನೆಟ್‌ವರ್ಕ್‌ಗಾಗಿ ಎರಡು ನಿಮಿಷ ಕಾಯುತ್ತದೆ, ಆಮೇಲೆ ಎಲ್ಲ ಸರಿ ಇರುತ್ತದೆ, ಏನು ಮಾಡಬೇಕು ಅಂತ. ಯಾಮಲ್‌ನಲ್ಲಿ ಕೇಬಲ್ ಇಲ್ಲದ ಕಾರ್ಡ್ ಒಂದನ್ನು ಬರೆದಿದ್ದೀರಿ. ವೇಟ್-ಆನ್‌ಲೈನ್ ಎನ್ನುವ ಸರ್ವೀಸ್ ಅದಕ್ಕಾಗಿ 120 ಸೆಕೆಂಡ್ ಕಾದು ಕೈಬಿಡುತ್ತದೆ. ನೆಟ್‌ವರ್ಕ್‌ಸಿಟಿಎಲ್ ಕೊಟ್ಟರೆ ಸಿದ್ಧವಾಗದೆ ಉಳಿದದ್ದು ಯಾವುದು ಅಂತ ಕಾಣುತ್ತದೆ. ಯಾಮಲ್‌ನಲ್ಲಿ ಆ ಕಾರ್ಡ್‌ನ ಕೆಳಗೆ 'ಆಪ್ಷನಲ್: ಟ್ರೂ' ಅಂತ ಒಂದು ಸಾಲು ಸೇರಿಸಿ, ಟ್ಯಾಬ್ ಒತ್ತಬೇಡಿ, ಸ್ಪೇಸ್ ಕೊಡಿ. ಸರ್ವೀಸ್ ಅನ್ನೇ ಡಿಸೇಬಲ್ ಮಾಡಿ ಅಂತ ಕೆಲವರು ಹೇಳುತ್ತಾರೆ, ಮಾಡಬೇಡಿ. ಎನ್‌ಎಫ್‌ಎಸ್ ಮೌಂಟ್ (ಜಾಲದ ಮೂಲಕ ಬರುವ ಡಿಸ್ಕ್) ಇದ್ದರೆ ನೆಟ್‌ವರ್ಕ್ ಬರುವ ಮೊದಲೇ ಅದು ಓಡಿ ಸೋಲುತ್ತದೆ, ಆಗ ನಿಮಗೆ ಬರುವ ಫೋನ್ ಸ್ಟೋರೇಜ್ ಬಗ್ಗೆ ಇರುತ್ತದೆ.